ಸೀರಣಿಗೆ

ವಾಲ್ಪರಾಯಿಸೊದಲ್ಲಿ ನಮ್ಮ ಔಷಧದಂಗಡಿ ಇರುವುದು
ಗುಡ್ಡದ ಮೆಟ್ಟಿಲು ಶುರುವಾಗುವ ಕಡೆ.
ಹತ್ತುವವರು ಇಳಿಯುವವರು ಒಂದು ಗಳಿಗೆ ನಿಂತು
ಉಸಿರು ಸರಿಮಾಡಿಕೊಳ್ಳುವ ಜಾಗ.
ಯಾರ ಮನೆಯಲ್ಲಿ ಯಾರಿಗೆ ಏನು, ನನಗೆ ಗೊತ್ತು.
ಗೊತ್ತಿಲ್ಲದಂತೆ ಇರುವುದಕ್ಕೆ
ಸಂಬಳ.

ಗುಂಪಿನ ಹೆಸರು 'ಎರಡನೇ ಬಿ ತಾಯಂದಿರು'.
ಇಬ್ಬರು ಅಪ್ಪಂದಿರೂ ಇದ್ದಾರೆ, ತಕರಾರಿಲ್ಲ.
ಮುಂಜಾನೆ ಆರಕ್ಕೇ ಶುರು: ನಾಳೆ ನೀಲಿ ಅಂಗಿಯೋ ಬಿಳಿಯೋ,
ಲೆಕ್ಕದ ಪುಟ ಹದಿನೇಳೋ ಹದಿನೆಂಟೋ,
ವಾರಸುದಾರರಿಲ್ಲದ ಒಂಟಿ ಕೈಗವಸಿನ ಫೋಟೋ,
ಟೀಚರ ಹುಟ್ಟುಹಬ್ಬಕ್ಕೆ ತಲೆಗೆ ಎರಡು ಸಾವಿರ ಪೆಸೊ,
ಕೆಳಗೆ ಇಪ್ಪತ್ತಾರು ಹೆಬ್ಬೆರಳು.

ಮಿರ್ಲಾಂದ್ ಮಾತ್ರ ಬರೆಯುವುದಿಲ್ಲ. ಹೈಟಿಯವಳು;
ಸ್ಪ್ಯಾನಿಷ್ ಬಾಯಿಗೆ ಬಂದಿದೆ, ಬೆರಳಿಗಿನ್ನೂ ಬಂದಿಲ್ಲ.
ದನಿ ಕಳಿಸುತ್ತಾಳೆ, ಹಿಂದೆ ಬಸ್‌ಸ್ಟ್ಯಾಂಡ್ ತೊಳೆಯುವ ನೀರಿನ ಸದ್ದು,
'ಎಲ್ಲರಿಗೂ ಶುಭೋದಯ, ದೇವರು ಕಾಯಲಿ' ಎಂದು ತೊಡಗಿ
ಒಂದೂವರೆ ನಿಮಿಷ.
ಯಾರು ಕೇಳುತ್ತಾರೆ ಒಂದೂವರೆ ನಿಮಿಷ?
ಅದಕ್ಕೂ ಒಂದು ಹೆಬ್ಬೆರಳು.

ಮೇ ಕೊನೆಗೆ, ಚಳಿ ಹಿಡಿಯುವ ಹೊತ್ತಿಗೆ, ತರಗತಿಯಲ್ಲಿ ಹೇನು.
ಹೆಗಲಲ್ಲ, ನೆತ್ತಿ ಮುಟ್ಟಿ ನೋಡಿಕೊಂಡೆವು ನಾವು.
ಅವತ್ತು ರಾತ್ರಿಯೇ ಹೊಸ ಗುಂಪು: 'ಎರಡನೇ ಬಿ, ನಾವಷ್ಟೇ'.
ಎಣಿಸಿದೆ. ಎಲ್ಲರೂ ಇದ್ದಾರೆ, ಒಬ್ಬಳಿಲ್ಲ.
ಹೆಸರು ಯಾರೂ ಎತ್ತಲಿಲ್ಲ, ಅಷ್ಟು ಸಭ್ಯರು.
'ಆ ಜಡೆಗಳನ್ನು ತಿಂಗಳಿಗೊಮ್ಮೆಯಾದರೂ ಬಿಚ್ಚುತ್ತಾರೋ' ಅಂದಳು ಮಕರೇನಾ.
'ನಾನೇನೂ ಹೇಳುತ್ತಿಲ್ಲ, ಸುಮ್ಮನೆ ಹೇಳಿದೆ' ಅಂದಳು ಜೊಸೆಲಿನ್.

ಮರುದಿನ ಅಂಗಡಿಗೆ ಒಬ್ಬೊಬ್ಬರಾಗಿ ಬಂದರು.
ಮಕರೇನಾ ಹನ್ನೊಂದಕ್ಕೆ, ಮೋಡದಲ್ಲೂ ಕಪ್ಪು ಕನ್ನಡಕ:
ಪಕ್ಕದ ಮನೆಯವರಿಗಂತೆ, ಒಂದು ಹೇನಿನ ಶಾಂಪೂ.
ಜೊಸೆಲಿನ್ ಊಟದ ಬಿಡುವಿನಲ್ಲಿ: ತಂಗಿಯ ಮಗನಿಗೆ.
ಪಿಲಾರ್ ಮೊದಲು ಹತ್ತಿ ಕೊಂಡಳು, ಆಮೇಲೆ ಕೆಮ್ಮಿನ ಗುಳಿಗೆ,
ಆಮೇಲೆ ಕೌಂಟರಿನ ಮೇಲೆ ಬಗ್ಗಿ, ಪಿಸುಮಾತಿನಲ್ಲಿ.
ಸಂಜೆಯೊಳಗೆ ಒಂಬತ್ತು ಸೀಸೆ, ಒಂಬತ್ತು ಸೀರಣಿಗೆ.
ಪಕ್ಕದ ಮನೆಯವರು ಎಷ್ಟೊಂದು ಜನ ಈ ಊರಲ್ಲಿ!
ಹತ್ತನೆಯದನ್ನು ನಾನೇ ಚೀಲಕ್ಕೆ ಹಾಕಿಕೊಂಡೆ,
ಬಿಲ್ಲು ಮಾಡದೆ.

ಹೇನಿಗೆ ರೆಕ್ಕೆಯಿಲ್ಲ. ನೆಗೆಯಲೂ ಬಾರದು.
ತಲೆಗೆ ತಲೆ ತಾಗಿದರೆ ಮಾತ್ರ, ಕೂದಲಿಂದ ಕೂದಲಿಗೆ
ಹಗ್ಗದ ಸೇತುವೆ ದಾಟುವಂತೆ ದಾಟುತ್ತದೆ.
ಅಂದರೆ ನನ್ನ ರಫಾಯೆಲಾ
ಯಾರ ನೆತ್ತಿಗೋ ನೆತ್ತಿ ಕೊಟ್ಟು ಒಂದೇ ಪುಸ್ತಕ ಬಗ್ಗಿ ನೋಡಿದ್ದಾಳೆ,
ಆ ಹುಡುಗಿ ಇನ್ನೊಬ್ಬಳಿಗೆ ಗುಟ್ಟು ಹೇಳಿದ್ದಾಳೆ.
ನಾವೋ, ಎರಡು ವರ್ಷದಿಂದ ದಿನಕ್ಕೆ ನೂರು ಮಾತಾಡಿದವರು,
ಶಾಲೆಯ ಗೇಟಿನಲ್ಲಿ ಈ ವಾರ
ಕೆನ್ನೆಗೆ ಕೆನ್ನೆ ತಾಗದಂತೆ
ಗಾಳಿಗೆ ಮುತ್ತು ಕೊಟ್ಟೆವು.

ಶುಕ್ರವಾರ ಮಿರ್ಲಾಂದ್ ಬಂದಳು, ಮಗಳ ಜ್ವರಕ್ಕೆ ಸಿರಪ್ಪು.
ಸೊಂಟಕ್ಕೊರಗಿದ ವಿಡ್ಲೀನಳ ತಲೆ ತುಂಬ
ಗೆರೆ ಕೊರೆದಂಥ ಬೈತಲೆಗಳು, ಎಣ್ಣೆಯ ಹೊಳಪು.
ಚಿಲ್ಲರೆ ಎಣಿಸುತ್ತ ಕೇಳಿದಳು:
'ಗುಂಪಿನಲ್ಲಿ ಈಗೀಗ ಯಾರೂ ಏನೂ ಅನ್ನುವುದಿಲ್ಲ.
ಎಲ್ಲರ ಮನೆಯಲ್ಲೂ ಕ್ಷೇಮ ತಾನೆ?'

ಏಪ್ರನ್ನಿನ ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು.
'ಸಿಗ್ನಲ್ ಸರಿಯಿಲ್ಲ' ಅಂದೆ, 'ಗುಡ್ಡದ ಕಡೆ.'

ರಾತ್ರಿ ರಫಾಯೆಲಾಳನ್ನು ಮೊಣಕಾಲ ನಡುವೆ ಕೂರಿಸಿ
ಸೀರಣಿಗೆ ಎಳೆಯುತ್ತ, ಎಡಗೈಯಲ್ಲಿ ಹಳೆಯ ಗುಂಪು ತೆರೆದೆ.
ಬರೀ ಅವಳ ದನಿಗಳು, ಒಂದರ ಕೆಳಗೊಂದು,
ಕೇಳದೆ ಬಿಟ್ಟ ನೀಲಿ ಚುಕ್ಕಿಗಳು.
ಮೇಲೆ ಮೇಲೆ ಹೋದೆ. ಮೇ ಒಂಬತ್ತು.
ಶುಭೋದಯ, ದೇವರು, ನೀರಿನ ಸದ್ದು, ಆಮೇಲೆ:
'ನಿನ್ನೆ ವಿಡ್ಲೀನ್ ತಲೆಯಲ್ಲಿ ಎರಡು ಹೇನು ಸಿಕ್ಕವು.
ನಾಚಿಕೆ ಬೇಡ ಅಂತ ಹೇಳುತ್ತಿದ್ದೇನೆ. ನಿಮ್ಮ ಮಕ್ಕಳದ್ದೂ ನೋಡಿ.
ಒಳ್ಳೆಯ ಸೀರಣಿಗೆ ಇದೆ ನನ್ನ ಹತ್ತಿರ,
ಬೇಕಾದವರು ಕೇಳಿ.'

'ಅಮ್ಮಾ, ನೋಯುತ್ತೆ' ಅಂದಳು ರಫಾಯೆಲಾ.

ಅದರ ಕೆಳಗೊಂದು ಹೆಬ್ಬೆರಳು.
ಒತ್ತಿ ನೋಡಿದೆ ಯಾರದೆಂದು.
ನನ್ನದು.